ಬೀಬೀಸೊರಾಳ ಕೌದಿಗಳು

ತಾಜಿಕಿಸ್ತಾನದ ಇಸ್ಫರಾ ಊರಿನ ಬೀಬೀಸೊರಾಗೆ ಮಗಳು ಒಂದು ಗೇಣು ಬೆಳೆದರೆ ಅವಳ ಮದುವೆಗೆಂದು ಒಟ್ಟುವ ಕೌದಿಗಳ ರಾಶಿ ಎರಡು ಗೇಣು ಬೆಳೆಯಲೇಬೇಕು. ಆ ಮನೆಯಲ್ಲಿ ಕೆಮ್ಮಿದರೂ ಹತ್ತಿಯೇ ಉದುರುತ್ತದೆಂದು ನೆರೆಯವರ ಕುಹಕ. "ಅಮ್ಮಾ, ಕೌದಿಗೆ ಜಾಗ ಬಿಟ್ಟು ನಾವು ಅಂಗಳದಲ್ಲಿ ಮಲಗ್ಬೇಕಾ?" ಎಂದು ಕಿರಿಯಳು ಶಹ್ನೋಜಾ ರೇಗಿಸಿದರೆ, "ಗಂಡನ ಮನೇಲಿ ರಾಣಿ ಹಾಗೆ ಮಲಗುವಿಯಂತೆ, ಬಾಯ್ಮುಚ್ಚೇ," ಎಂದು ಹಲ್ಲಿನಿಂದ ದಾರ ಕಡಿಯುವಳು. ಶಹ್ನೋಜಾಳ ಮದುವೆಗೆ ಹತ್ತು ದಿನವಿರುವಾಗ ಮದುವೆಯಾಗಿ ಹೋಗಿದ್ದ ಹಿರಿಯ ಮಗಳು ನಿಗೀನಾಳನ್ನು ಗಂಡನ ಮನೆಯವರು ಹದಿನಾರು ಕೌದಿಗಳ ಸಮೇತ ತಿರುಗಿ ಕಳಿಸಿದರು. ಬೀಬೀಸೊರಾ ಅವನ್ನು ಬಿಸಿಲಿಗೆ ಹರವಲು ಹೋದರೆ ಹದಿನೈದು ಕೌದಿಗಳು ತಾನು ಹಾಕಿಕೊಟ್ಟ ಮಡಿಕೆಯಲ್ಲೇ ಇದ್ದವು. ಹದಿನಾರನೆಯದು ಸವೆದು, ಸಗಣಿ ನಾರುತ್ತಿತ್ತು. "ಕೊಟ್ಟಿಗೇಲಿ ಮಲಗಿಸ್ತಿದ್ರೇನೇ?" ನಿಗೀನಾ ಆ ಕೌದಿಯನ್ನು ಎಳೆದುಕೊಂಡು ಮಡಿಚತೊಡಗಿದಳು. ಬೀಬೀಸೊರಾ ಒಳಗೆ ಹೋಗಿ ಶಹ್ನೋಜಾಳಿಗೆಂದು ಇನ್ನೊಂದು ಕೌದಿ ಹೊಲಿಯಲು ಕೂತಳು, ಎರಡು ಪಟ್ಟು ಹತ್ತಿ ತುಂಬಿ, ಕೊಳೆ ಕಾಣದ ಕಪ್ಪು ಬಟ್ಟೆಯಲ್ಲಿ.