ಶೀರ್ಷಿಕೆಯಲ್ಲಿ ಹಿಡಿಯದ ಪದ

ಹೊನ್ನಾಳಿ ಬಸ್ ನಿಲ್ದಾಣದ ಎದುರು, ಹಾರ್ಡ್‌ವೇರ್ ಅಂಗಡಿಯ ಮಹಡಿಯಲ್ಲಿ ನಮ್ಮ ಸುದ್ದಿ ಜಾಲತಾಣದ ಕಚೇರಿ ಇತ್ತು. ಕಚೇರಿ ಎಂದರೆ ಒಂದು ಕೋಣೆ, ಎರಡು ಕಂಪ್ಯೂಟರು, ಸಂಪಾದಕರು ಮತ್ತು ನಾನು. ಚನ್ನಗಿರಿ, ನ್ಯಾಮತಿ, ಜಗಳೂರಿನ ವರದಿಗಾರರು ಮೊಬೈಲಿನಲ್ಲೇ ಸುದ್ದಿ ಕಳಿಸುತ್ತಿದ್ದರು. ಅದನ್ನು ತಿದ್ದಿ ಶೀರ್ಷಿಕೆ ಕೊಡುವುದು ನನ್ನ ಕೆಲಸ.

ಆ ಕೆಲಸ ಕಲಿಸಿದವರು ಸಂಪಾದಕರೇ. ನಾನು ‘ಕೆಂಪಡಿಕೆಗೆ ಮತ್ತೆ ಕಳೆ’ ಎಂದು ಬರೆದರೆ ಅಳಿಸಿ ‘ಚನ್ನಗಿರಿ ಅಡಿಕೆ ಧಾರಣೆ ಇಂದು’ ಎಂದು ಹಾಕುತ್ತಿದ್ದರು. “ನೋಡಮ್ಮ, ಜನ ಏನು ಒತ್ತಿ ಹುಡುಕ್ತಾರೋ ಅದು ಮೊದ್ಲು ಬರಬೇಕು. ಊರು ಮೊದ್ಲು, ವಿಷಯ ಆಮೇಲೆ. ಕೆರೆಗೆ ಶಾಂತಿಸಾಗರ ಅಂತ ಬರೀತೀಯಲ್ಲ, ಯಾರು ಹುಡುಕ್ತಾರೆ ಹಂಗೆ? ಸೂಳೆಕೆರೆ ಅಂತ ಹಾಕು.” ಅವರು ಹೇಳಿದಂತೆ ಮಾಡಿದಾಗ ಓದುವವರು ಹೆಚ್ಚಾಗುತ್ತಿದ್ದುದೂ ನಿಜ. ನನಗೆ ಆ ಕೆಲಸ ಹಿಡಿಸಿತ್ತು.

ಆ ವರ್ಷ ಮಳೆಗಾಲದ ಕೊನೆಯಲ್ಲಿ ಸೂಳೆಕೆರೆ ಅಂಚಿನ ಹಳ್ಳಿಯೊಂದರ ಹೆಂಗಸು ಬಟ್ಟೆ ಒಗೆಯಲು ಹೋದವಳು ವಾಪಸು ಬರಲಿಲ್ಲ. ಮಾರನೆಯ ದಿನ ಶವ ಸಿಕ್ಕಿತು. ಪಾಚಿ ಕಟ್ಟಿದ ಕಲ್ಲಿನ ಮೇಲೆ ಕಾಲು ಜಾರಿತ್ತು. ಗಂಡ ಅದೇ ಕೆರೆಯಲ್ಲಿ ಮೀನು ಹಿಡಿಯುವವನು. ಹುಡುಕಲು ದೋಣಿ ಇಳಿಸಿದವನೂ ಅವನೇ. ನಾನು ‘ಸೂಳೆಕೆರೆ: ಕಾಲು ಜಾರಿ ಬಿದ್ದು ಮಹಿಳೆ ಸಾವು’ ಎಂದು ಶೀರ್ಷಿಕೆ ಕೊಟ್ಟೆ.

ಸಂಪಾದಕರಿಗೆ ಅದು ಸಪ್ಪೆ ಎನಿಸಿತು. ಠಾಣೆಗೆ ಫೋನ್ ಮಾಡಿ, “ಬೇರೆ ಏನಾದ್ರೂ ಐತಾ ಸರ್? ಸಂಬಂಧ-ಗಿಂಬಂಧ?” ಎಂದು ಕೇಳಿದರು. ಆ ಕಡೆಯವರು ಇಲ್ಲ ಎಂದರು. ಸಂಪಾದಕರು ಫೋನ್ ಇಟ್ಟು ಶೀರ್ಷಿಕೆಯನ್ನು ತಾವೇ ಬದಲಿಸಿದರು: ‘ಸೂಳೆಕೆರೆಯಲ್ಲಿ ಮಹಿಳೆಯ ಶವ: ಅಕ್ರಮ ಸಂಬಂಧದ ಶಂಕೆ ಇಲ್ಲ ಎಂದ ಪೊಲೀಸರು.’

“ಸರ್, ಆ ಶಂಕೆ ಯಾರಿಗೂ ಬಂದೇ ಇರಲಿಲ್ಲವಲ್ಲ?” ಎಂದೆ.

“ಇಲ್ಲ ಅಂತಾನೇ ಬರ್ದೀನಲ್ಲಮ್ಮ. ಸುಳ್ಳೇನೈತೆ ಇದ್ರಾಗೆ?”

ವಾರ ಕಳೆದಿರಬೇಕು. ಬೆಳಿಗ್ಗೆ ನಾನೊಬ್ಬಳೇ ಇದ್ದಾಗ ಮುದುಕಿಯೊಬ್ಬಳು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಳು. ಸತ್ತವಳ ಅತ್ತೆ. ಹೊನ್ನಾಳಿಗೆ ಹಿಂದೆಂದೂ ಬಂದವಳಲ್ಲ. ಕೆರೆಬಿಳಚಿಯ ಸಂಬಂಧಿಯೊಬ್ಬರು ಬಸ್ಸಿಗೆ ಹತ್ತಿಸಿದ್ದರಂತೆ. ಸೆರಗಿನಲ್ಲಿ ಸುತ್ತಿಕೊಂಡಿದ್ದ ಮೊಬೈಲನ್ನು ನನ್ನ ಮುಂದೆ ಚಾಚಿದಳು.

“ನಂಗೆ ಓದಾಕೆ ಬರಲ್ಲ ತಾಯಿ. ನನ್ನ ಸೊಸೆ ಮ್ಯಾಲೆ ಏನು ಬರ್ದೀರಿ ಅಂತ ನೀನೇ ಓದಿ ಹೇಳು.”

ನಾನು ಕಂಪ್ಯೂಟರಿನಲ್ಲಿದ್ದ ಶೀರ್ಷಿಕೆಯನ್ನು ಪೂರ್ತಿ ಓದಿದೆ. ಅವಳ ಮುಖ ಸ್ವಲ್ಪ ಸಡಿಲವಾಯಿತು. “ಇಲ್ಲ ಅಂತ ಐತಲ್ಲ! ಮತ್ತೆ ಊರೋರೆಲ್ಲ ಐತೆ ಅಂತಾರಲ್ಲವ್ವ. ಇದ್ರಾಗೂ ಹಂಗೇ ಐತಾ ನೋಡು.”

ಮೊಬೈಲ್ ತೆಗೆದುಕೊಂಡು ನೋಡಿದೆ. ಹುಡುಕಿದಾಗ ಬರುವ ಸಾಲಿನಲ್ಲಿ ಇಷ್ಟೇ ಇತ್ತು: ‘ಸೂಳೆಕೆರೆಯಲ್ಲಿ ಮಹಿಳೆಯ ಶವ: ಅಕ್ರಮ ಸಂಬಂಧದ ಶಂಕೆ…’ ಆಮೇಲೆ ಮೂರು ಚುಕ್ಕಿ. ಉಳಿದದ್ದನ್ನು ಪರದೆ ಕತ್ತರಿಸಿತ್ತು. ಒಳಗೆ ಹೋಗಿ ಓದಿದವರಿಗಿಂತ ಆ ಸಾಲನ್ನಷ್ಟೇ ನೋಡಿ ಮುಂದೆ ಹೋದವರೇ ಹೆಚ್ಚು. ಅದನ್ನು ಅವಳಿಗೆ ಹೇಳಲೇಬೇಕಾಯಿತು.

“ಇದರಲ್ಲಿ ಕೊನೆಯದು ಕಾಣಲ್ಲ ಅಜ್ಜಿ. ಜಾಗ ಸಾಲಲ್ಲ.”

“ಇಲ್ಲ ಅನ್ನಾಕೆ ಎಷ್ಟು ಜಾಗ ಬೇಕವ್ವ?” ಎಂದು ಕೇಳಿ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು.

ಸಂಪಾದಕರು ಬರುವವರೆಗೂ ಅವಳು ಕದಲಲಿಲ್ಲ. ಅವಳು ಯಾರೆಂದು ತಿಳಿದು ಅವರು ತಬ್ಬಿಬ್ಬಾದರು. ನೀರು ತರಿಸಿದರು, ಸಮಾಧಾನ ಹೇಳಿದರು. ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ, “ಇದೇ ಓಡ್ತಿರೋದು ಕಣಮ್ಮ ಈ ವಾರ” ಎಂದರು. ನಾನು ಮುದುಕಿಯ ಮೊಬೈಲನ್ನು ಅವರ ಮುಂದಿಟ್ಟೆ. “ಆಯ್ತು, ಬದಲಿಸು” ಎಂದರು.

ನಾನು ಮೊದಲು ಬರೆದ ಶೀರ್ಷಿಕೆಯನ್ನೇ ಹಾಕಿದೆ. ಆದರೆ ಹುಡುಕಿದರೆ ಹಳೆಯದೇ ಕಾಣುತ್ತಿತ್ತು. ಅಷ್ಟರಲ್ಲಿ ಬೇರೆ ಜಾಲತಾಣಗಳು ನಮ್ಮ ಶೀರ್ಷಿಕೆಯನ್ನು ಎತ್ತಿ ಹಾಕಿಕೊಂಡಿದ್ದವು. ಒಂದರಲ್ಲಿ ‘ಇಲ್ಲ’ ಎಂಬುದನ್ನೇ ಕೈಬಿಟ್ಟಿದ್ದರು. ಅವರಿಗೆ ಬರೆದೆ, ಫೋನ್ ಮಾಡಿದೆ. ಉತ್ತರ ಬರಲಿಲ್ಲ.

ಕೊನೆಗೆ ನನಗೆ ಗೊತ್ತಿದ್ದ ವಿದ್ಯೆಯನ್ನೇ ನಂಬಿದೆ. ಮುದುಕಿಗೆ ಫೋನ್ ಮಾಡಿ ಸೊಸೆಯ ಬಗ್ಗೆ ಕೇಳಿ ಬರೆದುಕೊಂಡೆ. ಬಲೆ ನೇಯುವುದರಲ್ಲಿ ಅವಳ ಕೈ ಚುರುಕು, ಸ್ವಸಹಾಯ ಸಂಘದ ಹೆಂಗಸರಿಗೆಲ್ಲ ಅವಳೇ ಹಾಡು ಹೇಳಿಕೊಟ್ಟಿದ್ದು, ಅತ್ತೆಗೆ ಕಣ್ಣಿನ ಆಪರೇಷನ್ ಆದಾಗ ಶಿವಮೊಗ್ಗದಲ್ಲಿ ಜೊತೆಗಿದ್ದವಳು ಅವಳು. ಅವಳ ಹೆಸರು, ಊರು, ಸೂಳೆಕೆರೆ ಎಂಬ ಪದ, ಎಲ್ಲವೂ ಮೊದಲಿಗೇ ಬರುವಂತೆ, ಎಲ್ಲೂ ಕತ್ತರಿಸಿ ಹೋಗದಂತೆ ಪುಟ್ಟ ಶೀರ್ಷಿಕೆ ಕೊಟ್ಟೆ. ಅಷ್ಟು ಹುಷಾರಾಗಿ ನಾನು ಇನ್ನಾವ ಶೀರ್ಷಿಕೆಯನ್ನೂ ಬರೆದಿಲ್ಲ. ಕೆಲವು ವಾರಗಳಲ್ಲಿ ಅವಳ ಹೆಸರು ಒತ್ತಿದರೆ ಇದೇ ಮೇಲೆ ಬರತೊಡಗಿತು. ಹಳೆಯದು ಅದರ ಕೆಳಗೇ ಇತ್ತು.

ಅದನ್ನು ತೋರಿಸಲು ಒಂದು ಭಾನುವಾರ ಅವರ ಹಳ್ಳಿಗೆ ಹೋದೆ. ಮುದುಕಿ ಕಾಫಿ ಕೊಟ್ಟಳು, ಎರಡು ಸಲ ಓದಿಸಿಕೊಂಡಳು. ಮಗ ಜಗಲಿಯ ಮೇಲೆ ಬಲೆ ಬಿಡಿಸುತ್ತ ಕುಳಿತಿದ್ದ. ಆಮೇಲೆ ತಲೆ ಎತ್ತದೆಯೇ ಕೇಳಿದ:

“ಮೇಡಂ, ಪೊಲೀಸ್ರು ಇಲ್ಲ ಅಂದ್ರು, ಸರಿ. ಅವ್ರನ್ನ ಕೇಳಿದ್ದು ಯಾಕೆ? ಏನೂ ಗೊತ್ತಿಲ್ದೆ ಕೇಳ್ತಾರಾ ಯಾರಾದ್ರೂ?”

“ಯಾರೂ ಏನೂ ಹೇಳಿರಲಿಲ್ಲ. ನಮ್ಮ ಸಂಪಾದಕರೇ ಕೇಳಿದ್ದು. ಶೀರ್ಷಿಕೆಗೆ ಬೇಕಿತ್ತು ಅಂತ ಕೇಳಿದರು, ಅಷ್ಟೇ. ನಾನು ಪಕ್ಕದಲ್ಲೇ ಇದ್ದೆ.”

“ಸುಮ್ನೆ ಕೇಳ್ತಾರಾ?” ಎಂದು ಮತ್ತೆ ಅದನ್ನೇ ಅಂದ. ನಾನು ಇನ್ನೊಮ್ಮೆ ವಿವರಿಸಿದೆ. ಅವನು ತಲೆಯಾಡಿಸಿದ, ಬಲೆಯನ್ನು ಹೆಗಲಿಗೆ ಹಾಕಿಕೊಂಡು ಕೆರೆಯ ಕಡೆ ಹೊರಟುಹೋದ. ನಂಬಲಿಲ್ಲ ಎಂಬುದು ಅವನ ಬೆನ್ನು ನೋಡಿದರೇ ತಿಳಿಯುತ್ತಿತ್ತು.

ಆ ಕೆಲಸದಲ್ಲಿ ನಾನು ಹೆಚ್ಚು ದಿನ ಉಳಿಯಲಿಲ್ಲ. ಈಗ ಚನ್ನಗಿರಿಯ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತೇನೆ. ಮುದುಕಿ ಆಗಾಗ ಫೋನ್ ಮಾಡುತ್ತಾಳೆ. ಮಗ ಹೆಂಡತಿಯ ಫೋಟೊವನ್ನು ಗೋಡೆಯಿಂದ ಇಳಿಸಿ ಪೆಟ್ಟಿಗೆಯಲ್ಲಿಟ್ಟಿದ್ದನಂತೆ.

“ನಾನು ತಗ್ದು ಮತ್ತೆ ಹಾಕ್ದೆ ತಾಯಿ. ಅವ್ನು ಇಳಿಸ್ತಾನೆ, ನಾನು ಹಾಕ್ತೀನಿ” ಎಂದಳು ಹೋದ ತಿಂಗಳು.