ಹೊಡೆಯದೆ ಹಣ್ಣಾದ ಕಾಯಿ

ಚೌಕಾಬಾರದಲ್ಲಿ ನನ್ನನ್ನು ಸೋಲಿಸುವವರು ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ. ಜಂಬ ಎನ್ನುವವರು ಎನ್ನಲಿ. ಮಗ್ಗಕ್ಕೆ ಬಿಡುವಾದ ಮಧ್ಯಾಹ್ನ ಜಗಲಿಯ ಮೇಲೆ ಮನೆ ಬರೆದು ನಾನು ಕವಡೆ ಹಿಡಿದರೆ, ಯಳಂದೂರಿನಿಂದ ಬಂದ ನೆಂಟರು ಬಸ್ಸು ತಪ್ಪಿಸಿಕೊಂಡು ಕೂರುತ್ತಿದ್ದರು. ಅಂಥವನು ಸೈನ್ಯದ ಆಸ್ಪತ್ರೆಯ ಕೆಲಸಕ್ಕೆಂದು ಕೊರಿಯಾಕ್ಕೆ ಹೋಗಿ, ಅಲ್ಲಿನ ಒಂದು ಮನೆಯಲ್ಲಿ ಹೆಚ್ಚುಕಡಿಮೆ ಅದೇ ಆಟ ಕಂಡರೆ ಸುಮ್ಮನಿರುತ್ತಾನೆಯೇ?

ನಮ್ಮ ಆಸ್ಪತ್ರೆಯ ಬಟ್ಟೆ ಒಗೆಯುತ್ತಿದ್ದ ಹೆಂಗಸು, ಅವರ ಹೊಸವರ್ಷದ ಹಬ್ಬಕ್ಕೆ ನನ್ನನ್ನೂ ನನ್ನ ಜೊತೆಗಾರ ಹನೂರಿನವನನ್ನೂ ಕರೆದಿದ್ದಳು. ಮನೆಯಲ್ಲಿದ್ದವರು ಅವಳು ಮತ್ತು ಅತ್ತೆ, ಇಬ್ಬರೇ. ಒಲೆಯ ಹೊಗೆ ನೆಲದಡಿಯಲ್ಲಿ ಹಾದುಹೋಗುವಂತೆ ಕಟ್ಟಿದ ಮನೆ. ಹೊರಗೆ ಹಿಮ ಬಿದ್ದಿದ್ದರೂ ಒಳಗೆ ನೆಲ ಬೆಚ್ಚಗಿತ್ತು. ನಾನು ಮಾಂಸ ತಿನ್ನುವವನಲ್ಲವೆಂದು ಅಕ್ಕಿಯ ಕಡುಬನ್ನು ಕೆಂಡದಲ್ಲಿ ಸುಟ್ಟು, ಬೆಲ್ಲದ ಪಾಕದಂಥದ್ದು ಹಾಕಿಕೊಟ್ಟಳು. ಖಾರ ಹಚ್ಚಿ ಹುಳಿ ಬರಿಸಿದ ಮೂಲಂಗಿಯನ್ನು ಮೊದಲ ತಿಂಗಳು ಮೂಗು ಮುಚ್ಚಿ ತಿಂದವನು ಆ ದಿನ ಕೇಳಿ ಬಡಿಸಿಕೊಂಡೆ.

ಊಟವಾದ ಮೇಲೆ ಆಟ, ಅತ್ತೆಸೊಸೆ ಒಂದು ಕಡೆ, ನಾವಿಬ್ಬರು ಒಂದು ಕಡೆ. ಕವಡೆಗೆ ಬದಲು ಸೀಳಿದ ನಾಲ್ಕು ಕಡ್ಡಿ, ಕಾಯಿಗಳಿಗೆ ಬದಲು ಅಂಗಿಯ ಗುಂಡಿಗಳು. ಶುರುಮಾಡುವ ಮೊದಲು ಅತ್ತೆ ಒಂದು ಕರಿ ಗುಂಡಿಯನ್ನು ಅಂಗೈಯಲ್ಲಿ ಹಿಡಿದು ಏನೋ ಪಿಸುಗುಟ್ಟಿದಳು. ಸೊಸೆ ತನಗೆ ಬರುವ ನಾಲ್ಕು ಇಂಗ್ಲಿಷ್ ಮಾತಿನಲ್ಲಿ ತಿಳಿಸಿದಳು. ಅದು ಅತ್ತೆಯ ಮಗ, ತನ್ನ ಗಂಡ. ಯುದ್ಧಕ್ಕೆ ಹೋದವನ ಸುದ್ದಿಯಿಲ್ಲ. ಈ ಹೊತ್ತು ಆ ಗುಂಡಿ ಪೆಟ್ಟು ತಿನ್ನದೆ ಮನೆ ಸೇರಿದರೆ ಅವನೂ ಈ ವರ್ಷ ಮನೆ ಸೇರುತ್ತಾನೆ ಎಂದು ಅತ್ತೆಯ ನಂಬಿಕೆ.

ಆಟದಲ್ಲಿ ನಾನೇ ಮುಂದಿದ್ದೆ. ಆದರೆ ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಗೆ ಹೋಗುವಂತಿಲ್ಲ ಎಂಬುದು ನಮ್ಮೂರ ಕಟ್ಟಳೆ. ನನಗೆ ಹೊಡೆಯಲು ಸಿಗುತ್ತಿದ್ದುದು ಆ ಕರಿ ಗುಂಡಿಯೊಂದೇ. ಗರ ಸರಿಯಾಗಿ ಬಿದ್ದಾಗಲೆಲ್ಲ ಬೇರೆ ಕಾಯಿ ನಡೆಸಿದೆ. ಮನೆಯ ಬಾಗಿಲಿಗೆ ಬಂದ ಕಾಯಿಯನ್ನು ಮತ್ತೊಂದು ಸುತ್ತು ಹೊರಡಿಸಿದೆ. ಹನೂರಿನವನಿಗೆ ತಡೆಯಲಾಗಲಿಲ್ಲ.

"ಒಡೀಲಾ ಅದ್ನ. ಒಡೀದೆ ಅದೆಂಗ್ಲಾ ಒಳಕ್ಕೋದೀಯೆ?"

"ಅದು ಆಯಮ್ಮನ ಮಗ ಕಣ್ಲಾ. ನಾ ಒಡ್ಯಲ್ಲ."

ಗೆಲ್ಲುವ ಕಾಯಿಯನ್ನು ಹೀಗೆ ಊರೂರು ಸುತ್ತಿಸುವ ದಡ್ಡನನ್ನು ಅತ್ತೆಸೊಸೆಯರು ಎಲ್ಲೂ ಕಂಡಿರಲಿಲ್ಲವೆಂದು ಕಾಣುತ್ತದೆ, ಬಾಯಿ ಮುಚ್ಚಿಕೊಂಡು ನಕ್ಕರು. ನನಗೆ ರೇಗಿತು. ಕೈಸನ್ನೆ ಮಾಡಿ, ಗುಂಡಿಗಳನ್ನು ಎತ್ತಿ ತೋರಿಸಿ ನಮ್ಮ ಕಟ್ಟಳೆ ವಿವರಿಸಿದೆ. ಸೊಸೆಯ ನಗು ನಿಂತಿತು. ಅವಳು ಹೇಳಿದ್ದನ್ನು ಕೇಳಿದ ಮುದುಕಿ ಮುಂದಕ್ಕೆ ಬಾಗಿದಳು. ನನ್ನ ಕಾಯಿಯನ್ನು ತಾನೇ ಎತ್ತಿ ಮನೆ ಮುಟ್ಟಿಸಿದಳು. ಅವರಲ್ಲಿ ಒಳಗೆ ಹೋಗಲು ಯಾರನ್ನೂ ಹೊಡೆಯಬೇಕಿಲ್ಲವಂತೆ. ಹೇಗೂ ಗೆದ್ದವನು ನಾನೇ ಎಂದು ಹನೂರಿನವನಿಗೆ ಹೇಳಿದೆ.

ಮುಂದಿನ ಗರದಲ್ಲೇ ಕರಿ ಗುಂಡಿಯೂ ಮನೆ ಸೇರಿ ಹಣ್ಣಾಯಿತು. ಮುದುಕಿ ಕುಣಿಯಲಿಲ್ಲ, ಅಳಲೂ ಇಲ್ಲ. ಕೋಣೆಯ ಮೂಲೆಯಲ್ಲಿ, ನೆಲ ಎಲ್ಲಕ್ಕಿಂತ ಬಿಸಿಯಾಗಿದ್ದ ಕಡೆ ಒಂದು ದುಪ್ಪಟಿ ಮಡಿಸಿಟ್ಟಿತ್ತು. ಅದರೊಳಗಿಂದ ಮುಚ್ಚಳ ಹಾಕಿದ ಹಿತ್ತಾಳೆಯ ಬಟ್ಟಲು ತೆಗೆದಳು. ಅದರಲ್ಲಿದ್ದದ್ದು ಮಗನ ಪಾಲಿನ ಅನ್ನ. ಅವನು ಹೋದಂದಿನಿಂದ ದಿನವೂ ಮಾಡಿ ಹೀಗೆ ಬೆಚ್ಚಗಿಡುತ್ತಾಳೆ ಎಂದು ಸೊಸೆ ತಲೆ ತಗ್ಗಿಸಿಕೊಂಡೇ ಹೇಳಿದಳು. ಮುದುಕಿ ಬಟ್ಟಲನ್ನು ಊಟದ ಮಣೆಯ ಮೇಲಿಟ್ಟು, ಪಕ್ಕದಲ್ಲಿ ಚಮಚ ಇಟ್ಟು, ಬಾಗಿಲ ಕಡೆ ಮುಖ ಮಾಡಿ ಕೂತಳು.

ನಾವಿಬ್ಬರೂ ಬಾಗಿಲಿಗೆ ಅಡ್ಡವಾಗಿ ಕೂತಿದ್ದೆವು. ಸರಿದು ಕೂತೆವು.