ದ್ಯಾಮಣ್ಣನ ಕಾನೂನುಬದ್ಧ ಕೌಜುಗ

ದ್ಯಾಮಣ್ಣ ಕೆಂಟ್‌ನ ಒಂದು ಕಾರ್ಖಾನೆಯಲ್ಲಿ ವಿಮಾನದ ಬಿಡಿಭಾಗಗಳನ್ನು ಅಳೆಯುವ ಕೆಲಸದಲ್ಲಿದ್ದ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ತುಂಡನ್ನು ಪಕ್ಕಕ್ಕಿಡುವ ಮನುಷ್ಯ. ಮನೆಯಲ್ಲಿ ರೊಟ್ಟಿ ಸೊಟ್ಟಗಿದ್ದರೆ ಅದನ್ನೂ ತಿರುಗಿಸಿ ನೋಡುತ್ತಿದ್ದ. ಆದರೆ ಎದುರಿಗೆ ಹೆಂಡತಿ ಕಮಲಕ್ಕ ಇರುತ್ತಿದ್ದುದರಿಂದ ಪಕ್ಕಕ್ಕಿಡುತ್ತಿರಲಿಲ್ಲ.

ಈಸ್ಟ್‌ಗೇಟ್‌ನ ಅವರ ಮನೆಯ ಕೆಳಗಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಸಾಫ್ಟ್‌ವೇರ್ ಟೆಸ್ಟರ್, ಅಂದರೆ ನಿಯಮಗಳನ್ನು ಓದಿ, ಬೇರೆಯವರ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವನು. ನನ್ನ ತಪ್ಪು ಹುಡುಕಲು ಯಾರೂ ಸಂಬಳ ಕೊಡದ ಕಾರಣ ಅವು ಹಾಗೇ ಉಳಿದಿವೆ.

2006ರ ನವೆಂಬರಿನಲ್ಲಿ ಕಮಲಕ್ಕ ಬಸುರಿ. ಹಿಂದಿನ ವರ್ಷದ ಬಸಿರು ನಿಂತಿರಲಿಲ್ಲ. ಆಗ ಆಸ್ಪತ್ರೆಯಿಂದ ಬಂದ ಮೇಲೆ ದ್ಯಾಮಣ್ಣ ಕಾರನ್ನು ಗರಾಜಿನಲ್ಲಿ ನಿಲ್ಲಿಸಿ ಬಹಳ ಹೊತ್ತು ಒಳಗೇ ಕೂತಿದ್ದನ್ನು ನಾನು ಕಿಟಕಿಯಿಂದ ಕಂಡಿದ್ದೆ. ಈ ಸಲ ಅವಳ ಬಯಕೆ ಯಾವುದೇ ಇರಲಿ, ಇಲ್ಲ ಅನ್ನಬಾರದೆಂದು ಅವನು ತೀರ್ಮಾನಿಸಿದ್ದ. ಹುಣಸೆಕಾಯಿ ಕೇಳಿದಳು, ತಂದ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕೇಳಿದಳು, ತಾನೇ ಬಡಿದ. ಆಮೇಲೆ ಒಂದು ದಿನ ಕೌಜುಗದ ಸಾರು ಬೇಕೆಂದಳು.

ಅಂಗಡಿಯಿಂದ ಹೆಪ್ಪುಗಟ್ಟಿಸಿದ ಪುಟ್ಟ ಹಕ್ಕಿಗಳನ್ನು ತಂದ. ಅವಳು ಒಂದರ ಕಾಲು ಹಿಚುಕಿ ನೋಡಿದಳು. “ಪಂಜರದಾಗ ಕುಂತು ತಿಂದದ್ದು. ಕಾಲಾಗ ಕಸುವಽ ಇಲ್ಲ. ಹೊಲದಾಗ ಓಡಾಡಿದ್ದು ಬೇಕ್ರಿ ನನಗ.”

ದ್ಯಾಮಣ್ಣನ ಗ್ರೀನ್‌ಕಾರ್ಡಿನ ಕಡತ ಆಗ ಎಲ್ಲೋ ಸಿಕ್ಕಿಕೊಂಡಿತ್ತು. ಅದರ ಹೆದರಿಕೆಗೆ, ಒಂದು ಕಾರೂ ಬಾರದ ರಸ್ತೆಯನ್ನೂ ಹಸಿರು ದೀಪ ಬರುವವರೆಗೆ ದಾಟುತ್ತಿರಲಿಲ್ಲ. ನನ್ನ ಕೋಣೆಗೆ ಇಳಿದು ಬಂದು, “ತಮ್ಮಾ, ಈ ದೇಶದಾಗ ಯಾವ ಹಕ್ಕಿ ಹೊಡದು ತಿನಬಹುದು, ಯಾವುದು ತಿನಬಾರದು, ಇಂಟರ್ನೆಟ್ಟಿನ್ಯಾಗ ಚೆಕ್ ಮಾಡಿ ಹೇಳು. ನಿನ್ನ ಕೆಲಸಾನಽ ಅದು,” ಎಂದ.

ಓದಿದೆ. ಓದಿದಷ್ಟೂ ತಲೆ ಕೆಟ್ಟಿತು. ಹಿತ್ತಲಿನ ಕೆಂಪೆದೆಯ ರಾಬಿನ್ನನ್ನು ಮುಟ್ಟುವಂತಿಲ್ಲ, ಅದರ ಉದುರಿದ ಪುಕ್ಕವನ್ನೂ ಇಟ್ಟುಕೊಳ್ಳುವಂತಿಲ್ಲ. ಊರಿನ ಪಾರಿವಾಳಕ್ಕೂ ಗುಬ್ಬಿಗೂ ಯಾವ ರಕ್ಷಣೆಯೂ ಇಲ್ಲ. ಪಾರ್ಕಿನಲ್ಲಿ ಕಾಲಿಡಲು ಜಾಗವಿಲ್ಲದಂತೆ ಹೇತು ಹಾಕುವ ಬಾತುಗಳಿಗೆ ಮಾತ್ರ ಕೇಂದ್ರ ಸರ್ಕಾರದ ಕಾವಲು. ಪರವಾನಗಿ, ಋತು, ಜಾಗ ಎಲ್ಲ ಕೂಡಿಬಂದರೆ ಮಾತ್ರ ಹೊಡೆಯಬಹುದು. ಕಾಗೆಗೂ ಬೇಟೆಯ ಋತುವಿದೆ.

“ಕಾಗಿ?” ದ್ಯಾಮಣ್ಣ ಹೌಹಾರಿದ. “ಕಾಗಿ ಹೊಡದು ತಿಂದ್ರ ನಮ್ಮಪ್ಪನ ಪಿಂಡ ಯಾರ ಮುಂದ ಇಡ್ಲಿ?”

“ತಿನ್ನಲೇಬೇಕು ಅಂತಿಲ್ಲ ದ್ಯಾಮಣ್ಣ. ತಿನ್ನಬಹುದಾ ಅನ್ನೋದೂ ನಂಗೆ ಸರಿಯಾಗಿ ಗೊತ್ತಾಗ್ತಿಲ್ಲ.”

“ಮತ್ತ ಏನು ಓದಿದಿ?”

ಮತ್ತೆ ಓದಲು ಕೂತೆ. ಕೊನೆಗೆ ಒಂದು ಹಕ್ಕಿ ಸಿಕ್ಕಿತು. ರಾಜ್ಯದ ಪೂರ್ವದ ಒಣ ಗುಡ್ಡಗಳಲ್ಲಿರುವ ಚುಕಾರ್, ಕೌಜುಗದ ದಾಯಾದಿಯಂತಿತ್ತು. ಹಿಂದೆ ಏಷ್ಯಾದಿಂದ ತಂದು ಬಿಟ್ಟದ್ದಂತೆ, ಈಗ ಧಾರಾಳವಾಗಿ ಹೊಡೆಯುವ ಋತು. ದ್ಯಾಮಣ್ಣ ಅದರ ಚಿತ್ರ ನೋಡಿ, “ಇದಕ್ಕ ಯಾರು ಕೊಟ್ರೋ ಗ್ರೀನ್‌ಕಾರ್ಡು!” ಎಂದ. ಖುಷಿ ಬಹಳ ಹೊತ್ತು ಉಳಿಯಲಿಲ್ಲ. ನಾಗರಿಕರಲ್ಲದವರು ಬಂದೂಕು ಹಿಡಿಯಲು ಇನ್ನೊಂದು ಪರವಾನಗಿ ಬೇಕೆಂದು ಅದರ ಕೆಳಗೇ ಕಂಡಿತು.

ದಾರಿ ತೋರಿಸಿದವನು ಅವನ ಕಾರ್ಖಾನೆಯ ಡ್ವೇನ್. ಪ್ರತಿ ಚಳಿಗಾಲ ಬೇಟೆಗೆ ಹೋಗುವವನು. ಬಸುರಿಯ ಬಯಕೆ ಎಂದು ಕೇಳಿದ್ದೇ, ಮುಂದಿನ ವಾರ ತನ್ನ ಐಸ್ ಡಬ್ಬಿಯಲ್ಲಿ ನಾಲ್ಕು ಚುಕಾರ್ ಇಟ್ಟು ಕೊಟ್ಟ, ಜೊತೆಗೆ ತಾನೇ ಹೊಡೆದು ಕೊಟ್ಟದ್ದೆಂದು ಸಹಿ ಹಾಕಿದ ಚೀಟಿ. ತಪಾಸಣೆಯವರಿಗೆ ಯಾವ ಹಕ್ಕಿ ಎಂದು ಗೊತ್ತಾಗಲೆಂದು ಪುಕ್ಕದ ಸಮೇತ ತಲೆಗಳು ಹಾಗೇ ಇದ್ದವು. ವಿಷದ ಸೀಸವಲ್ಲ, ಉಕ್ಕಿನ ಪುಟ್ಟ ಗುಂಡುಗಳಿಂದ ಹೊಡೆದದ್ದು. ದ್ಯಾಮಣ್ಣ ಟಾರ್ಚ್ ಹಿಡಿದು ಚಿಮಟದಿಂದ ಒಂದೊಂದೇ ಗುಂಡು ತೆಗೆದು, ಬೆರಳಾಡಿಸಿ ಪರೀಕ್ಷಿಸಿದ. ಕಮಲಕ್ಕ ಕಾಲು ಹಿಚುಕಿ, “ಹಾಂ,” ಎಂದಳು.

ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯದ್ದಕ್ಕೆ ನಾನು ಕಾರಣ.

ಡಬ್ಬಿ ಖಾಲಿ ವಾಪಸ್ಸು ಕೊಡಬಾರದೆಂದು ಕಮಲಕ್ಕ ಅದರ ತುಂಬ ಶೇಂಗಾ ಹೋಳಿಗೆ ಜೋಡಿಸುತ್ತಿದ್ದಳು. ನಾನು ನನ್ನ ಓದಿನ ಗತ್ತಿನಲ್ಲಿ, “ಅಕ್ಕ, ಬೇಟೆ ಹಕ್ಕೀನ ಉಡುಗೊರೆಯಾಗಿ ಕೊಡಬಹುದಂತೆ. ಮಾರೋ ಹಾಗಿಲ್ಲ, ಬದಲಿಗೆ ಏನನ್ನೂ ತಗೊಳ್ಳೋ ಹಾಗೂ ಇಲ್ಲ,” ಎಂದೆ.

ದ್ಯಾಮಣ್ಣನ ಮುಖ ಬಿಳುಚಿತು. “ಅಂದ್ರ ಹೋಳಿಗಿ ಕೊಟ್ರ ಅದು ವ್ಯಾಪಾರ?”

“ಗೊತ್ತಿಲ್ಲ.”

“ಏ, ತೆಗಿ ಹೊರಗ ಅವನ್ನ!”

ಕಮಲಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತಳು. “ಖಾಲಿ ಡಬ್ಬಿ ಕಳಿಸಿ ನಾ ಹೆಂಗ ತಿನ್ಲಿ? ಹೊಟ್ಟ್ಯಾಗಿಂದಕ್ಕ ದಕ್ಕತೈತೇನು? ನೀವಽ ತಿನ್ರಿ.” ಹಕ್ಕಿಗಳನ್ನು ಫ್ರೀಜರಿಗೆ ಹಾಕಿ ಬಾಗಿಲು ತಳ್ಳಿದಳು. ರಾತ್ರಿ ಊಟವೂ ಮಾಡಲಿಲ್ಲ. ದ್ಯಾಮಣ್ಣನೂ ಮಾಡಲಿಲ್ಲ. ನಾನು ಮಾಡಿದೆ; ಹೋಳಿಗೆ ಹೊರಗೇ ಇದ್ದವು.

ಮರುದಿನ ವನ್ಯಜೀವಿ ಇಲಾಖೆಗೆ ಫೋನ್ ಮಾಡಿದೆ. ಹೋಳಿಗೆಯೆಂದರೆ ಒಳಗೆ ಶೇಂಗಾ ಬೆಲ್ಲ ತುಂಬಿದ ಚಪಾತಿ ಎಂದು ವಿವರಿಸಿದೆ.

“ಅದು ಹಕ್ಕಿಯ ಬೆಲೆಯೇ?” ಎಂದು ಫೋನೆತ್ತಿದ ಹೆಂಗಸು ಕೇಳಿದಳು.

“ಅಲ್ಲ. ಡಬ್ಬಿ ಖಾಲಿ ಇದೆ, ಅದಕ್ಕೆ.”

“ಖಾಲಿಯಾಗಿಯೇ ಕೊಡಬಹುದಲ್ಲ?”

“ಕೊಡುವ ಹಾಗಿಲ್ಲ.”

“ಯಾವ ಕಾನೂನು ಹಾಗೆ ಹೇಳುತ್ತದೆ?”

“ನಮ್ಮ ಅಕ್ಕ.”

ಆಮೇಲೆ ಅವಳು, ಬೆಲೆಯಲ್ಲದಿದ್ದರೆ ತನಗೇನೂ ತೊಂದರೆ ಕಾಣುತ್ತಿಲ್ಲ, ಆದರೆ ಫೋನಿನಲ್ಲಿ ಹೇಳಿದ್ದನ್ನು ಕಾನೂನು ಸಲಹೆ ಎಂದು ತಿಳಿಯಬಾರದು ಎಂದಳು. ನಾನು ಅಷ್ಟನ್ನೂ ಮೇಲೆ ಹೋಗಿ ಹೇಳಿದೆ. ದ್ಯಾಮಣ್ಣನಿಗೆ ಕೇಳಿಸಿದ್ದು ಕೊನೆಯ ವಾಕ್ಯ ಮಾತ್ರ.

ಶನಿವಾರ ಮಧ್ಯಾಹ್ನ ಡ್ವೇನ್ ತಾನೇ ಬಂದ. ಮತ್ತೆ ಬೇಟೆಗೆ ಹೊರಟಿದ್ದ, ಡಬ್ಬಿ ಬೇಕಿತ್ತು. ದ್ಯಾಮಣ್ಣ ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತ, ಕೊಡಲಿಲ್ಲ. ಹಿಂದೆ ಕಮಲಕ್ಕ ಕಣ್ಣು ತುಂಬಿಕೊಂಡು ನಿಂತಳು. ಏನಾಯಿತೆಂದು ಡ್ವೇನ್ ನನ್ನನ್ನು ಕೇಳಿದ. ನಾನು ಹೋಳಿಗೆಯಿಂದ ಶುರು ಮಾಡಿ ಕಾಗೆಯವರೆಗೂ ಹೇಳಿ, ಅವನನ್ನೂ ಗೊಂದಲಕ್ಕೆ ಹಾಕಿದೆ.

ಅವನು ಗಡ್ಡ ಕೆರೆದುಕೊಂಡ. “ಡಬ್ಬಿ ಖಾಲಿ ಇರಬಾರದು, ಅಷ್ಟೇ ತಾನೇ? ಹಾಗಾದರೆ ಐಸ್ ಹಾಕಿ ಕೊಡಿ. ಹೇಗೂ ದಾರಿಯಲ್ಲಿ ನಿಲ್ಲಿಸಿ ತರಬೇಕಿತ್ತು.”

ನಾನು ಕನ್ನಡದಲ್ಲಿ ಹೇಳುವ ಮುಂಚೆಯೇ ಕಮಲಕ್ಕ ಒಳಗೆ ಹೋಗಿಯಾಗಿತ್ತು. ಫ್ರೀಜರಿನ ಐಸೆಲ್ಲ ತಂದು ಡಬ್ಬಿಗೆ ಸುರಿದಳು. “ನೀರು ಕೊಟ್ರ ಎಲ್ಲಾ ಕೊಟ್ಟಂಗ,” ಎಂದಳು.

ದ್ಯಾಮಣ್ಣ ನನ್ನ ಕಿವಿಯಲ್ಲಿ, “ಐಸ್ ನಡೀತೈತೇನೋ?” ಎಂದ.

ಜೀವಮಾನದಲ್ಲಿ ಮೊದಲ ಸಲ ನಾನು ಬಾಯಿ ಮುಚ್ಚಿಕೊಂಡಿದ್ದೆ.

ಆ ಸಂಜೆ ಸಾರು ಆಯಿತು. ಕಮಲಕ್ಕ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ದ್ಯಾಮಣ್ಣ ತನ್ನ ತಟ್ಟೆ ಮುಟ್ಟದೆ ಅವಳನ್ನೇ ನೋಡುತ್ತಿದ್ದ.

“ಕೌಜಗದಂಗ ಇಲ್ಲ,” ಎಂದಳು.

ಅವನ ಮುಖ ಇಳಿಯಿತು. ಅವಳು ತಟ್ಟೆಯಲ್ಲಿದ್ದ ಕಾಲನ್ನು ಮೂಳೆ ಮಾತ್ರ ಉಳಿಯುವಂತೆ ಚೀಪಿ, ಇನ್ನೊಂದು ಹಾಕಿಕೊಂಡಳು. ಹೀಗೇ ಒಂದೊಂದಾಗಿ ಮುಗಿಯುತ್ತ ಬಂದವು. ಅವಳ ಕೈ ಮತ್ತೆ ಪಾತ್ರೆಯ ಕಡೆ ಹೋಯಿತು.

“ಇಕಿಗೆ ಸೇರೇತೋ ಇಲ್ಲೋ?” ಎಂದು ದ್ಯಾಮಣ್ಣ ನನ್ನನ್ನು ಕೇಳಿದ, ಅವಳನ್ನಲ್ಲ.

ನಾನು ಪಾತ್ರೆ ಬಗ್ಗಿ ನೋಡಿದೆ. ತಳದಲ್ಲಿ ಒಂದು ತುಂಡೂ ಇಲ್ಲ, ಬರೀ ಸಾರಿತ್ತು.